ಬಣ್ಣದ ಪೆಟ್ಟಿಗೆ ಮೊದಲು ಕೆಳಗಿಳಿಯಲಿ

ಪ್ರಶ್ನೆ: ನನಗೆ 41 ವರ್ಷ. ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಮನೆಯಲ್ಲಿ ಗಂಡ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು, ಹುಷಾರಿಲ್ಲದ ಅಮ್ಮ. ಮದುವೆಗೆ ಮುಂಚೆ ವಾಟರ್‌ಕಲರ್ ಚಿತ್ರ ಮಾಡುತ್ತಿದ್ದೆ. ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಈಗ ಬಣ್ಣದ ಪೆಟ್ಟಿಗೆ ಕಪಾಟಿನ ಮೇಲಿನ ಅರೆ ಸೇರಿದೆ. ‘ಮಕ್ಕಳ ಪರೀಕ್ಷೆ ಮುಗಿಯಲಿ’, ‘ಇಯರ್ ಎಂಡ್ ಕೆಲಸ ಮುಗಿಯಲಿ’ ಅನ್ನುತ್ತಲೇ ನಾಲ್ಕು ವರ್ಷ ಕಳೆಯಿತು. ಭಾನುವಾರ ಪೂರ್ತಿ ಚಿತ್ರಕ್ಕೇ ಎಂದು ಎರಡು ಸಲ ಇಟ್ಟುಕೊಂಡೆ, ಎರಡು ಸಲವೂ ಏನೋ ಒಂದು ಅಡ್ಡ ಬಂತು. ರಾತ್ರಿ ಒಂಬತ್ತೂವರೆಗೆ ಕೆಲಸ ಮುಗಿಸಿ ಫೋನ್ ಹಿಡಿದು ಕೂತರೆ ಹನ್ನೊಂದಾಗಿರುತ್ತದೆ. ಆಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ. ನಿದ್ದೆ ಕಡಿಮೆ ಮಾಡಿ ಬೆಳಗ್ಗೆ ನಾಲ್ಕಕ್ಕೆ ಏಳಲೇ? ಕ್ಲಾಸಿಗೆ ಸೇರಲೇ? ಚಿತ್ರ ಮಾರಿದರೆ ಮನೆಯವರೂ ಬೆಲೆ ಕೊಡುತ್ತಾರೆ ಎಂದು ಗೆಳತಿ ಹೇಳುತ್ತಾಳೆ, ನಿಜವೇ? ಅಥವಾ ಈ ವಯಸ್ಸಿನಲ್ಲಿ ಇದೆಲ್ಲ ಬರೀ ಸ್ವಾರ್ಥವೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದು ಬಗೆಹರಿಯದೆ ಉಳಿದ ಯಾವ ಸಲಹೆಯೂ ನಿಮ್ಮ ಮನೆಯಲ್ಲಿ ನಿಲ್ಲುವುದಿಲ್ಲ. ಇದು ಸ್ವಾರ್ಥವಲ್ಲ. 1948ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿ ವಿಶ್ರಾಂತಿಯನ್ನೂ ಬಿಡುವನ್ನೂ ಎಲ್ಲರ ಹಕ್ಕು ಎಂದೇ ಹೇಳುತ್ತದೆ. ಬದುಕಿನ ಮುಖ್ಯ ಕೆಲಸಗಳೆಲ್ಲ ಮುಗಿದ ಮೇಲೆ ಸಿಗುವ ಬಹುಮಾನ ಎಂದು ಅದನ್ನು ಕಂಡವರು ಹಾಗೆ ಬರೆಯುತ್ತಿರಲಿಲ್ಲ. ನಿಮಗೆ ಬೇಕಾಗಿರುವುದು ದಿನಕ್ಕೆ ಅರ್ಧ ಗಂಟೆ. ಅದನ್ನು ಕೇಳಲು ನಿಮಗೆ ಇಷ್ಟು ಸಂಕೋಚ ಯಾಕಾಗುತ್ತಿದೆ ಎನ್ನುವುದೇ ನನ್ನನ್ನು ಹೆಚ್ಚು ಕಾಡಿದ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರ ಓದಿದಾಗ ನನಗನಿಸಿದ್ದು ಇಷ್ಟು. ಚಿತ್ರಕ್ಕೆ ಸಾಕಾಗುವ ಹೊತ್ತು ನಿಮ್ಮ ದಿನದಲ್ಲಿ ಈಗಲೇ ಇದೆ. ಆದರೆ ಆ ಹೊತ್ತಿನೊಳಗೆ ಕಾಲಿಡುವುದು ತೀರಾ ಕಷ್ಟವಾಗಿದೆ, ಮತ್ತು ಆ ಹೊತ್ತು ನಿಮ್ಮದು ಎಂದು ಮನೆಯಲ್ಲಿ ಯಾರೂ ಇನ್ನೂ ಒಪ್ಪಿಲ್ಲ. ನೀವೂ ಒಪ್ಪಿಲ್ಲ.

‘ಪರೀಕ್ಷೆ ಮುಗಿಯಲಿ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ವಾರ ಉಸಿರಾಡಲು ಪುರುಸೊತ್ತಿಲ್ಲ, ಮುಂದಿನ ತಿಂಗಳು ಬಿಡುವಾಗುತ್ತದೆ ಎಂದು ನಮಗೆಲ್ಲ ಅನ್ನಿಸುತ್ತದೆ. ಗಾಲ್ ಝೌಬರ್‌ಮನ್ ಮತ್ತು ಜಾನ್ ಲಿಂಚ್ ಎಂಬ ಸಂಶೋಧಕರು 2005ರಲ್ಲಿ ಇದನ್ನೇ ಪರೀಕ್ಷಿಸಿದರು. ಮುಂದೆ ಕೈಯಲ್ಲಿ ದುಡ್ಡು ಎಷ್ಟು ಉಳಿಯುತ್ತದೆ ಎಂಬ ವಿಷಯದಲ್ಲಿ ಜನ ಅಷ್ಟಾಗಿ ಆಸೆ ಇಟ್ಟುಕೊಳ್ಳುವುದಿಲ್ಲ. ಸಮಯದ ವಿಷಯದಲ್ಲಿ ಮಾತ್ರ, ಮುಂದೆ ಇವತ್ತಿಗಿಂತ ಎಷ್ಟೋ ಹೆಚ್ಚು ಸಿಗುತ್ತದೆ ಎಂದು ಗಟ್ಟಿಯಾಗಿ ನಂಬಿರುತ್ತಾರೆ. ಇವತ್ತಿನ ದಿನದ ಚಿಲ್ಲರೆ ಕೆಲಸಗಳೆಲ್ಲ ಕಣ್ಣೆದುರಿಗಿವೆ. ಮುಂದಿನ ತಿಂಗಳಿನವು ಇನ್ನೂ ಕಾಣುತ್ತಿಲ್ಲ, ಹಾಗಾಗಿ ಆ ತಿಂಗಳು ಖಾಲಿ ಇರುವಂತೆ ತೋರುತ್ತದೆ. ಅದು ಹತ್ತಿರ ಬಂದಾಗ ಇದೇ ಚಿಲ್ಲರೆಗಳು ಬೇರೆ ಹೆಸರಿನಲ್ಲಿ ಬಂದು ಕೂತಿರುತ್ತವೆ. ನಾಲ್ಕು ವರ್ಷದಲ್ಲಿ ನಿಮಗೆ ಆದದ್ದು ಇದೇ.

ಇನ್ನೊಂದು ಅಧ್ಯಯನ ನಿಮಗೆ ಇನ್ನೂ ಹತ್ತಿರದ್ದು. ಬೇಸರದ ಕೆಲಸವನ್ನು ಮುಂದಕ್ಕೆ ಹಾಕುತ್ತೇವೆ ಎಂಬುದು ಎಲ್ಲರಿಗೂ ಗೊತ್ತು. ಖುಷಿಯ ಕೆಲಸವನ್ನೂ ಅಷ್ಟೇ ಸಲೀಸಾಗಿ ಮುಂದಕ್ಕೆ ಹಾಕುತ್ತೇವೆ ಎಂದು ಸುಝಾನ್ ಶು ಮತ್ತು ಅಯೆಲೆಟ್ ಗ್ನೀಜಿ 2010ರಲ್ಲಿ ತೋರಿಸಿದರು. ಉಡುಗೊರೆ ಕೂಪನ್ ಬಳಸಲು ಕೆಲವು ವಾರಗಳ ಗಡುವು ಸಿಕ್ಕವರಲ್ಲಿ ಹೆಚ್ಚು ಮಂದಿ ಅದನ್ನು ಬಳಸಿಕೊಂಡರು. ತಿಂಗಳುಗಟ್ಟಲೆ ಗಡುವು ಸಿಕ್ಕವರಲ್ಲಿ ಬಹಳಷ್ಟು ಜನ ಬಳಸದೇ ಕಳೆದುಕೊಂಡರು. ಇನ್ನೂ ಸಮಯವಿದೆ, ಸರಿಯಾದ ದಿನ ನೋಡಿ ಹೋದರಾಯಿತು ಎಂದು ಮೀನಮೇಷ ಎಣಿಸುತ್ತ ಕೂತರು. ನೀವು ಭಾನುವಾರ ಪೂರ್ತಿ ಬೇಕು ಎಂದದ್ದರಲ್ಲೂ ಇದೇ ಮನಸ್ಸಿದೆ. ಇಷ್ಟು ಪ್ರೀತಿಯ ಕೆಲಸವನ್ನು ಅಡುಗೆಮನೆಯ ಗಡಿಬಿಡಿಯ ನಡುವೆ ಮಾಡುವುದು ಅದಕ್ಕೆ ಅವಮಾನ ಎಂಬ ಭಾವ. ಆ ಗೌರವ ನನಗೆ ಅರ್ಥವಾಗುತ್ತದೆ. ಆದರೆ ಆ ಗೌರವವೇ ಪೆಟ್ಟಿಗೆಯನ್ನು ಅರೆಯ ಮೇಲೆ ಇಟ್ಟಿದೆ. ಪೂರ್ತಿ ಭಾನುವಾರ ಎಂಬುದು ಒಬ್ಬರು ನೆಂಟರು ಬಂದರೆ, ಅಮ್ಮನಿಗೆ ಒಂದು ಜ್ವರ ಬಂದರೆ ಮುರಿದುಬೀಳುವ ಯೋಜನೆ. ಅರ್ಧ ಗಂಟೆಯನ್ನು ಹಾಗೆ ಮುರಿಯುವುದು ಕಷ್ಟ. ಸಂಜೆ ಹೋದರೆ ರಾತ್ರಿ ಸಿಗುತ್ತದೆ, ಇವತ್ತು ಹೋದರೆ ನಾಳೆ ಸಿಗುತ್ತದೆ.

ಈಗ ಫೋನಿನ ವಿಷಯ. ಒಂಬತ್ತೂವರೆಯಿಂದ ಹನ್ನೊಂದರವರೆಗೆ ಹೋಗುವ ಹೊತ್ತಿಗೆ ನೀವು ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಿ. ದಯವಿಟ್ಟು ನಿಲ್ಲಿಸಿ. ದಿನವಿಡೀ ಬೇರೆಯವರಿಗಾಗಿ ಓಡಿದ ದೇಹ ರಾತ್ರಿ ಕೂತಾಗ ಯಾವುದು ಸುಲಭವೋ ಅದನ್ನೇ ಎತ್ತಿಕೊಳ್ಳುತ್ತದೆ. ಫೋನು ಕೈಯಳತೆಯಲ್ಲಿದೆ, ಬೆರಳು ತಾಗಿಸಿದರೆ ಸಾಕು, ಅದು ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ಚಿತ್ರ ಬಹಳಷ್ಟು ಕೇಳುತ್ತದೆ.

ಏನೇನು ಕೇಳುತ್ತದೆ ಎಂದು ನಿಮ್ಮ ಮನೆಯಲ್ಲಿ ನಿಂತೇ ನೋಡೋಣ. ಸ್ಟೂಲು ತರಬೇಕು. ಪೆಟ್ಟಿಗೆ ಇಳಿಸಿ ಧೂಳು ಒರೆಸಬೇಕು. ಊಟದ ಮೇಜಿನ ಮೇಲಿರುವ ಮಕ್ಕಳ ಪುಸ್ತಕಗಳನ್ನು ಎತ್ತಿಡಬೇಕು. ದೊಡ್ಡ ಹಾಳೆಯನ್ನು ಬೋರ್ಡಿನ ಮೇಲೆ ಹರಡಿ ನಾಲ್ಕೂ ಅಂಚಿಗೆ ಟೇಪು ಹಚ್ಚಬೇಕು. ಟ್ಯೂಬು ತೆರೆದರೆ ಬಣ್ಣ ಗಟ್ಟಿಯಾಗಿರುತ್ತದೆ. ನೀರಿಗೆ ಎರಡು ಡಬ್ಬಿ, ಬ್ರಶ್ ಒರೆಸಲು ಹಳೇ ಬಟ್ಟೆ ಹುಡುಕಬೇಕು. ಇಷ್ಟೆಲ್ಲ ಆಗುವಾಗ ಹತ್ತು ಗಂಟೆ ದಾಟಿರುತ್ತದೆ, ಬೆಳಗಿನ ತಿಂಡಿಗೆ ಮೇಜು ಬೇಕಲ್ಲ, ಎಲ್ಲವನ್ನೂ ಮತ್ತೆ ಎತ್ತಿಡಬೇಕು. ದಣಿದವರು ಯಾರೇ ಆದರೂ ಇದನ್ನು ನೆನೆಸಿಕೊಂಡೇ ಸೋಫಾದಲ್ಲಿ ಕೂತುಬಿಡುತ್ತಾರೆ. ನಿಮ್ಮ ಇಚ್ಛಾಶಕ್ತಿಯಲ್ಲಿ ಯಾವ ಕೊರತೆಯೂ ಇಲ್ಲ. ಮೊದಲ ಬಣ್ಣ ಕಾಗದ ಮುಟ್ಟುವ ಮುಂಚಿನ ಕೆಲಸವೇ ಅತಿಯಾಗಿದೆ.

ಆದ್ದರಿಂದ ಸಮಯ ಹುಡುಕುವ ಮೊದಲು ಜಾಗ ಹುಡುಕಿ. ಕೋಣೆಯೇ ಬೇಕಿಲ್ಲ. ಕಿಟಕಿಯ ಪಕ್ಕದ ಒಂದು ಸಣ್ಣ ಮೇಜು, ಅದೂ ಇಲ್ಲದಿದ್ದರೆ ಸದಾ ಹೊರಗೇ ಇರುವ ಒಂದು ತಟ್ಟೆ ಸಾಕು. ನಿಯಮ ಒಂದೇ, ಅದರ ಮೇಲೆ ಬೇರೆ ಯಾವ ವಸ್ತುವೂ ಬರಬಾರದು, ಮತ್ತು ಅಲ್ಲಿಂದ ಯಾವುದನ್ನೂ ಪ್ರತಿದಿನ ಎತ್ತಿಡುವಂತಿರಬಾರದು. ಗಟ್ಟಿಯಾದ ಟ್ಯೂಬುಗಳನ್ನು ಎಸೆಯಬೇಡಿ. ವಾಟರ್‌ಕಲರ್‌ನ ಅಂಟು ಗಮ್ ಅರೇಬಿಕ್, ಅದು ಒಣಗಿದರೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಬ್ಲೇಡಿನಿಂದ ಟ್ಯೂಬನ್ನು ಉದ್ದಕ್ಕೆ ಸೀಳಿ, ಗಟ್ಟಿ ಬಣ್ಣವನ್ನು ತುಂಡು ಮಾಡಿ ಪ್ಯಾಲೆಟ್‌ನ ಗುಳಿಗಳಲ್ಲಿ ಇಟ್ಟು, ಮೇಲೆ ಕೆಲವು ಹನಿ ನೀರು ಬಿಡಿ. ಕೇಕ್ ಬಣ್ಣದ ಪೆಟ್ಟಿಗೆ ಕೊಂಡಂತೆಯೇ ಆಯಿತು. ದೊಡ್ಡ ಹಾಳೆಯ ಆಸೆಯನ್ನು ಸದ್ಯಕ್ಕೆ ಬಿಡಿ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪದ ಕಾಗದವನ್ನು ಪೋಸ್ಟ್‌ಕಾರ್ಡ್ ಅಳತೆಗೆ ಒಂದೇ ಸಲ ಹತ್ತಿಪ್ಪತ್ತು ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಅಷ್ಟು ದಪ್ಪದ ಸಣ್ಣ ಕಾಗದ ಒದ್ದೆಯಾದರೂ ಹೆಚ್ಚು ಸೊಟ್ಟಗಾಗುವುದಿಲ್ಲ, ಬೋರ್ಡಿಗೆ ಬಿಗಿಯುವ ಗೋಜಿಲ್ಲ. ಹಿಡಿಯೊಳಗೇ ನೀರು ತುಂಬಿಕೊಳ್ಳುವ ಬ್ರಶ್‌ಗಳು ಸಿಗುತ್ತವೆ, ಒಂದಿದ್ದರೆ ನೀರಿನ ಡಬ್ಬಿಯೂ ಬೇಡ. ಇಷ್ಟು ಮಾಡಿಕೊಂಡರೆ ಕುರ್ಚಿಯಲ್ಲಿ ಕೂತ ಮರುನಿಮಿಷವೇ ಬಣ್ಣ ಹಚ್ಚಬಹುದು. ಈ ಒಂದು ಬದಲಾವಣೆ ನಿಮಗೆ ದಿನಚರಿಯ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಸಮಯ ಉಳಿಸಿಕೊಡುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಚಿತ್ರವಲ್ಲದೆ ಬೇರೆ ಹವ್ಯಾಸವಿರುವ ಓದುಗರಿಗೂ ಇದೇ ಮಾತು. ಪಿಟೀಲು ಪೆಟ್ಟಿಗೆಯೊಳಗೆ, ಪೆಟ್ಟಿಗೆ ಮಂಚದಡಿಯಲ್ಲಿ ಇದ್ದರೆ ಅದು ಅಲ್ಲೇ ಇರುತ್ತದೆ. ಬರೆಯುವವರು ರಾತ್ರಿ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಎದ್ದರೆ ಮರುದಿನ ಎಲ್ಲಿಂದ ಶುರು ಮಾಡುವುದೆಂದು ತಡಕಾಡಬೇಕಾಗಿಲ್ಲ. ಓಡುವವರು ಬೂಟು ಬಾಗಿಲ ಬಳಿಯೇ ಇಟ್ಟು ಮಲಗಿದರೆ ಬೆಳಗ್ಗೆ ಒಂದು ನೆಪ ಕಡಿಮೆಯಾಗುತ್ತದೆ.

ಇನ್ನು, ದಣಿದ ಮೇಲೆ ಚಿತ್ರ ಮಾಡುವುದರಿಂದ ಇನ್ನಷ್ಟು ದಣಿವಾಗದೇ ಎಂಬ ಅನುಮಾನ ನಿಮಗಿರಬಹುದು. ಕೆಲಸದ ದಣಿವಿನಿಂದ ಮನುಷ್ಯ ಹೇಗೆ ಚೇತರಿಸಿಕೊಳ್ಳುತ್ತಾನೆ ಎಂಬುದರ ಬಗ್ಗೆ ಸಬೀನೆ ಝೊನೆನ್‌ಟಾಗ್ ಮತ್ತು ಷಾರ್ಲೊಟ್ ಫ್ರಿಟ್ಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಉಪಯುಕ್ತ. ಆಫೀಸಿನ ಯೋಚನೆಯಿಂದ ಪೂರ್ತಿ ಹೊರಬರುವುದು, ಆರಾಮವಾಗಿರುವುದು, ಹೊಸದನ್ನು ಕಲಿತು ಕೈ ಪಳಗಿಸಿಕೊಳ್ಳುವುದು, ಬಿಡುವಿನಲ್ಲಿ ಏನು ಮಾಡಬೇಕೆಂಬುದು ನಮ್ಮ ಕೈಯಲ್ಲೇ ಇರುವುದು, ಹೀಗೆ ನಾಲ್ಕು ಬಗೆಯ ಅನುಭವಗಳನ್ನು ಅವರು ಗುರುತಿಸಿದರು. ಫೋನು ಹೆಚ್ಚೆಂದರೆ ಎರಡನೆಯದನ್ನು ಒಂದಿಷ್ಟು ಕೊಡುತ್ತದೆ. ಆಫೀಸಿನ ವಾಟ್ಸ್ಆ್ಯಪ್ ಗುಂಪು ಅದೇ ಫೋನಿನಲ್ಲಿರುವಾಗ ಮೊದಲನೆಯದು ಸಿಗುವುದೇ ಇಲ್ಲ. ಒದ್ದೆ ಕಾಗದದ ಮೇಲೆ ನೀಲಿ ಹರಡುವುದನ್ನು ನೋಡುತ್ತಾ, ಅದು ಒಣಗುವ ಮುಂಚೆ ಎಲ್ಲಿ ತಡೆಯಬೇಕೆಂದು ಯೋಚಿಸುವವರಿಗೆ ಲೆಡ್ಜರು ನೆನಪಿಗೆ ಬರಲು ಸಂದಿಯೇ ಇರುವುದಿಲ್ಲ. ಮೊದಲ ಐದು ನಿಮಿಷ ಮಾತ್ರ ಭಾರ. ಆ ಐದು ನಿಮಿಷದ ಸಲುವಾಗಿಯೇ ಮೇಲಿನ ಏರ್ಪಾಡೆಲ್ಲ.

ಯಾವಾಗ ಕೂರುವುದು? ಇಲ್ಲಿ ಎರಡು ಸಂಶೋಧನೆಗಳು ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧ ಹೇಳುತ್ತವೆ. ‘ಸಮಯ ಸಿಕ್ಕಾಗ ಮಾಡುತ್ತೇನೆ’ ಎನ್ನುವುದಕ್ಕಿಂತ ‘ಇದು ಆದ ಕೂಡಲೇ ಇದನ್ನು ಮಾಡುತ್ತೇನೆ’ ಎಂದು ಮೊದಲೇ ತೀರ್ಮಾನಿಸಿಕೊಂಡವರು ಅದನ್ನು ನಡೆಸುವುದು ಹೆಚ್ಚು ಎಂದು ಪೀಟರ್ ಗಾಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ 1999ರಲ್ಲಿ ವಾದಿಸಿದರು. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ 94 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಅದು ನಿಂತಿತು. ಇನ್ನೊಂದು ಕಡೆ ಗೇಬ್ರಿಯೆಲಾ ಟೋನಿಯೆಟೋ ಮತ್ತು ಸೆಲಿನ್ ಮಾಲ್ಕೊಚ್ 2016ರಲ್ಲಿ ತೋರಿಸಿದ್ದು, ಬಿಡುವಿನ ಸಂತೋಷಗಳನ್ನು ಗಡಿಯಾರದ ಗಂಟೆಗೆ ಕಟ್ಟಿಹಾಕಿದರೆ ಅವೂ ಒಂದು ಕೆಲಸದಂತೆ ಅನಿಸತೊಡಗಿ ರುಚಿ ಕಡಿಮೆಯಾಗುತ್ತದೆ ಎಂದು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ಹೊತ್ತನ್ನು ಸುಮಾರಾಗಿ ಗೊತ್ತು ಮಾಡಿಕೊಂಡರೆ ಆ ಕೆಡುಕು ಆಗುವುದಿಲ್ಲ. ಹಾಗಾಗಿ ನಿಮ್ಮ ಚಿತ್ರವನ್ನು ಗಡಿಯಾರಕ್ಕೆ ಕಟ್ಟಬೇಡಿ, ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ಕಟ್ಟಿ. ‘ಅಮ್ಮನಿಗೆ ರಾತ್ರಿಯ ಮಾತ್ರೆ ಕೊಟ್ಟು ಬಂದ ಕೂಡಲೇ ಕಿಟಕಿಯ ಮೇಜಿನ ಹತ್ತಿರ ಕೂರುತ್ತೇನೆ.’ ಮಾತ್ರೆ ಒಂಬತ್ತಕ್ಕಾಗಲಿ ಒಂಬತ್ತೂಮುಕ್ಕಾಲಿಗಾಗಲಿ, ಅದರ ಹಿಂದೆಯೇ ಚಿತ್ರ. ಫೋನನ್ನು ಆ ಹೊತ್ತಿಗೆ ಅಮ್ಮನ ಕೋಣೆಯ ಪಕ್ಕದಲ್ಲೇ ಚಾರ್ಜಿಗೆ ಹಾಕಿಬನ್ನಿ. ಕರೆ ಬಂದರೆ ಕೇಳಿಸುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ.

ಎಷ್ಟು ದಿನದಲ್ಲಿ ಇದು ಮೈಗೂಡುತ್ತದೆ? 21 ದಿನ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಹೊಸ ರೂಢಿ ತಾನಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಜನರಿಂದ ಜನರಿಗೆ, ಕೆಲಸದಿಂದ ಕೆಲಸಕ್ಕೆ ಇದು 18ರಿಂದ 254 ದಿನದವರೆಗೂ ಬದಲಾಗಬಹುದೆಂದು ಅವರ ಲೆಕ್ಕ ಹೇಳಿತು. ನಿಮಗೆ ಮುಖ್ಯವಾದದ್ದು ಅದರಲ್ಲಿನ ಇನ್ನೊಂದು ವಿಷಯ. ನಡುವೆ ಒಂದು ದಿನ ತಪ್ಪಿಹೋದದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ನಿಮ್ಮ ಪತ್ರದಲ್ಲಿ ಒಂದು ಭಾನುವಾರ ಕೆಟ್ಟಿತೆಂದು ತಿಂಗಳುಗಟ್ಟಲೆ ಕೈಬಿಟ್ಟ ಸುಳಿವಿದೆ. ತಪ್ಪಿದ ದಿನಕ್ಕೆ ಮರುದಿನ ದುಪ್ಪಟ್ಟು ಕೂತು ದಂಡ ಕಟ್ಟುವುದೂ ಬೇಡ. ಮಾತ್ರೆ ಕೊಟ್ಟಿರಿ, ಕೂತಿರಿ, ಅಷ್ಟೇ.

ನಾಲ್ಕಕ್ಕೆ ಏಳುವುದು ಬೇಡ. ದೊಡ್ಡವರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಸಂಘಗಳು 2015ರಲ್ಲಿ ಶಿಫಾರಸು ಮಾಡಿವೆ. ನೀವು ಹನ್ನೊಂದರ ಮೇಲೆ ಮಲಗುತ್ತೀರಿ. ನಾಲ್ಕಕ್ಕೆ ಎದ್ದರೆ ಐದು ಗಂಟೆಯೂ ಆಗುವುದಿಲ್ಲ, ಅದರ ಸಾಲವನ್ನು ಅಮ್ಮನ ಮೇಲೆ ಸಿಡುಕಿ, ಆಫೀಸಿನಲ್ಲಿ ಲೆಕ್ಕ ತಪ್ಪಿ ತೀರಿಸುತ್ತೀರಿ. ಹತ್ತಕ್ಕೆ ಮಲಗಿ ಐದಕ್ಕೆ ಏಳುವುದು ನಿಮ್ಮ ಮೈಗೆ ಒಗ್ಗುವುದಾದರೆ ಅದು ಬೇರೆ ಮಾತು.

ಈಗ ನಾನು ಆಮೇಲೆ ಎಂದು ಬಿಟ್ಟಿದ್ದ ವಿಷಯ. ಯಾರದೋ ಬಿಡುವು ಇನ್ನಾರದೋ ದುಡಿಮೆಯ ಮೇಲೆ ನಿಂತಿರುತ್ತದೆ. ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ವಿಲಿಯಂ ಹರ್ಷೆಲ್ ಮತ್ತು ಅವನ ತಂಗಿ ಕ್ಯಾರೊಲಿನ್. ವಿಲಿಯಂ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಸಂಗೀತ ಕಲಿಸಿ ಹೊಟ್ಟೆಹೊರೆಯುತ್ತಿದ್ದ. ನಕ್ಷತ್ರ ನೋಡುವುದು ಅವನ ಹುಚ್ಚು. ಹಗಲು ಪಾಠ, ರಾತ್ರಿ ಆಕಾಶ, ನಡುವೆ ಸಿಕ್ಕಷ್ಟು ಹೊತ್ತು ದೂರದರ್ಶಕದ ಕನ್ನಡಿಯನ್ನು ತಾನೇ ಉಜ್ಜಿ ಹೊಳಪಿಸುವ ಕೆಲಸ. 1781ರ ಮಾರ್ಚ್ 13ರಂದು ಅಂಥ ಮನೆಯಲ್ಲೇ ಮಾಡಿದ ದೂರದರ್ಶಕದಲ್ಲಿ ಅವನು ಯುರೇನಸ್ ಗ್ರಹವನ್ನು ಕಂಡ. ಹವ್ಯಾಸಕ್ಕೆ ಸಮಯ ಮಾಡಿಕೊಂಡವರ ಮಾತು ಬಂದಾಗ ಇಷ್ಟು ಕಥೆಯನ್ನು ಎಲ್ಲರೂ ಹೇಳುತ್ತಾರೆ.

ಉಳಿದರ್ಧ ಹೀಗಿದೆ. ಕನ್ನಡಿ ಉಜ್ಜುವಾಗ ನಡುವೆ ಕೈ ತೆಗೆಯುವಂತಿಲ್ಲದ್ದರಿಂದ ಒಮ್ಮೆ ವಿಲಿಯಂ ಹದಿನಾರು ಗಂಟೆ ಒಂದೇ ಸಮನೆ ಕೂತಿದ್ದ. ಆಗ ಅವನ ಬಾಯಿಗೆ ತುತ್ತಿಟ್ಟವಳು ಕ್ಯಾರೊಲಿನ್. ಬೇಸರವಾಗದಿರಲೆಂದು ಪುಸ್ತಕ ಓದಿ ಹೇಳಿದವಳು, ರಾತ್ರಿ ಅವನು ಕಂಡದ್ದನ್ನೆಲ್ಲ ಬರೆದುಕೊಂಡವಳು, ಮನೆ ನಡೆಸಿದವಳು ಅವಳೇ. ಅವಳಿಗೂ ಒಂದು ಇಷ್ಟವಿತ್ತು, ಅವಳು ಒಳ್ಳೆಯ ಹಾಡುಗಾರ್ತಿ. ಅಣ್ಣನ ಕೆಲಸಕ್ಕೆ ಪದೇಪದೇ ಕರೆ ಬರುತ್ತಿದ್ದುದರಿಂದ ತನ್ನ ಹಾಡಿನ ಅಭ್ಯಾಸಕ್ಕೆ ಅಡ್ಡಿಯಾಯಿತೆಂದು ಅವಳೇ ಬರೆದಿಟ್ಟಿದ್ದಾಳೆ. 1782ರಲ್ಲಿ ವಿಲಿಯಂ ಅರಸನ ಆಸ್ಥಾನದ ಖಗೋಳಜ್ಞನಾಗಿ ಸಂಗೀತ ಬಿಟ್ಟಾಗ ಅವಳ ಹಾಡೂ ಅಲ್ಲಿಗೇ ನಿಂತಿತು. 1786ರ ಆಗಸ್ಟ್ 1ರಂದು ಕ್ಯಾರೊಲಿನ್ ತನ್ನ ಮೊದಲ ಧೂಮಕೇತುವನ್ನು ಕಂಡಳು. ಆಗ ವಿಲಿಯಂ ಮನೆಯಲ್ಲಿರಲಿಲ್ಲ, ಜರ್ಮನಿಗೆ ಹೋಗಿದ್ದ. ಅಣ್ಣನ ಕರೆ ಇಲ್ಲದ ಆ ಕೆಲವು ವಾರಗಳ ರಾತ್ರಿಗಳು ಅವಳ ಪಾಲಿಗೆ ಬಂದಿದ್ದವು, ತನ್ನ ಪುಟ್ಟ ದೂರದರ್ಶಕವನ್ನು ತನಗೆ ಬೇಕಾದ ಕಡೆ ತಿರುಗಿಸಿಕೊಂಡಳು. ಮುಂದೆ 1797ರವರೆಗೆ ಒಟ್ಟು ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. ಈ ಘಟನೆಯನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಎಷ್ಟು ರಾತ್ರಿಗಳು ಆಕೆಗೆ ಸಿಗದೇ ಹೋದವೋ!

ನಿಮ್ಮ ಮನೆಯಲ್ಲಿ ಈಗ ಕ್ಯಾರೊಲಿನ್ ಯಾರು ಎಂದು ನಾನು ಕೇಳಬೇಕಾಗಿಲ್ಲ. ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ ಜಗತ್ತಿನಲ್ಲಿ ಸಂಬಳವಿಲ್ಲದೆ ನಡೆಯುವ ಆರೈಕೆ ಮತ್ತು ಮನೆಗೆಲಸದ ಒಟ್ಟು ಹೊತ್ತಿನಲ್ಲಿ ಶೇ 76.2ರಷ್ಟು ಹೆಂಗಸರ ಪಾಲಿನದು. ನಿಮಗೆ ಸಮಯ ನಿರ್ವಹಣೆ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ಈ ಅಂಕಿಯನ್ನು ನೆನಪಿಸಿಕೊಳ್ಳಿ. ಒಬ್ಬರು ಎಷ್ಟೇ ಚುರುಕಾದರೂ ಮೂವರ ಕೆಲಸವನ್ನು ತಲೆಮೇಲೆ ಹೊತ್ತು ತಿರುಗುವಾಗ ಅವರಿಗೆ ಕೈಬಿಡುವಾಗುವುದಿಲ್ಲ.

ಆದ್ದರಿಂದ ಮನೆಯವರ ಜೊತೆ ಕೂತು ಮಾತಾಡಲೇಬೇಕು. ಹೇಗೆ ಮಾತಾಡುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ‘ನನಗೆ ಸ್ವಲ್ಪ ಸಹಾಯ ಮಾಡಿ’ ಎಂದರೆ ಕೆಲಸ ನಿಮ್ಮದಾಗಿಯೇ ಉಳಿಯುತ್ತದೆ, ಅವರು ಆಗಾಗ ಕೈ ಹಾಕುತ್ತಾರೆ, ಎಲ್ಲಿದೆ, ಎಷ್ಟು, ಯಾವಾಗ ಎಂದು ಕೇಳುತ್ತಲೇ ಇರುತ್ತಾರೆ. ಕೆಲಸವನ್ನು ಬುಡಸಮೇತ ಒಪ್ಪಿಸಿ. ಗಂಡನಿಗೆ ಹೀಗೆ ಹೇಳಬಹುದು: ‘ನೋಡಿ, ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಊಟ ಆದ್ಮೇಲಿನ ಪಾತ್ರೆ, ಮರುದಿನದ ಡಬ್ಬಿ, ಅಮ್ಮ ಕರೆದರೆ ಹೋಗಿ ನೋಡೋದು ಎಲ್ಲ ನಿಮ್ಮದು. ಆ ಹೊತ್ತಲ್ಲಿ ನಾನು ಮನೇಲಿ ಇಲ್ಲ ಅಂತಲೇ ಅಂದ್ಕೊಳ್ಳಿ. ನಿಮಗೂ ಎರಡು ದಿನ ಹಾಗೇ ಇಟ್ಕೊಳ್ಳಿ, ಆವಾಗ ನಾನು ನೋಡ್ಕೋತೀನಿ.’ ಕೊನೆಯ ಮಾತು ಬಹಳ ಮುಖ್ಯ. ಅವರಿಗೂ ಬಿಟ್ಟುಹೋದ ಆಟವೋ ಓದೋ ಒಂದಿರುತ್ತದೆ. ಇಬ್ಬರಿಗೂ ಪಾಲು ಸಿಗುವ ಏರ್ಪಾಡು ಜಗಳಕ್ಕೆ ಕಾರಣವಾಗದೆ ನಡೆಯುತ್ತದೆ.

ಹಾಗೆ ಒಪ್ಪಿಸಿದ ಮೇಲೆ ಪಾತ್ರೆ ನಿಮ್ಮಷ್ಟು ಚೊಕ್ಕವಾಗಿಲ್ಲ ಎಂದು ಎದ್ದುಹೋಗಿ ತೊಳೆಯಬೇಡಿ. ಇದು ನಿಮಗೆ ಚಿತ್ರಕ್ಕಿಂತ ಕಷ್ಟದ ಪಾಠವಾಗಬಹುದು. ಮೊದಲ ವಾರಗಳಲ್ಲಿ ಡಬ್ಬಿ ತಡವಾಗುತ್ತದೆ, ಮಕ್ಕಳ ಸಾಕ್ಸು ಸಿಗುವುದಿಲ್ಲ. ಸಿಗದಿರಲಿ. ಹೈಸ್ಕೂಲು ಮಕ್ಕಳು ತಮ್ಮ ಸಾಕ್ಸು ತಾವು ಹುಡುಕಿಕೊಳ್ಳಬಲ್ಲರು. ಅವರ ಜೊತೆಗೂ ಒಂದು ಮಾತು ಆಗಿರಲಿ. ಅಮ್ಮ ಮೇಜಿನ ಹತ್ತಿರ ಕೂತಿದ್ದಾಗ ರಕ್ತ ಬಂದರೆ, ಬೆಂಕಿ ಬಿದ್ದರೆ, ಅಜ್ಜಿಗೆ ಉಸಿರು ಕಟ್ಟಿದರೆ ಕರೆಯಬೇಕು, ಬೇರೆ ಎಲ್ಲದಕ್ಕೂ ಅರ್ಧ ಗಂಟೆ ಕಾಯಬಹುದು. ತಾಯಿಗೂ ತನ್ನದೊಂದು ಇಷ್ಟವಿದೆ ಎಂದು ನೋಡುತ್ತ ಬೆಳೆಯುವುದು ಆ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಗಳಿದ್ದರೆ ಅವಳಿಗೆ, ನೀವು ಕೊಡಬಹುದಾದ ಬಹಳ ಒಳ್ಳೆಯ ಸಂಗತಿ.

ಕೈಯಲ್ಲಿ ಒಂದಿಷ್ಟು ಹಣವಿದ್ದರೆ ವಾರದ ಒಂದು ಬೇಸರದ ಕೆಲಸವನ್ನು ಸಂಬಳ ಕೊಟ್ಟು ಮಾಡಿಸಿ, ಅದಕ್ಕೆ ಹಿಂಜರಿಕೆ ಬೇಡ. ಆ್ಯಶ್ಲಿ ವಿಲನ್ಸ್ ಮತ್ತು ಸಂಗಡಿಗರು ಅಮೆರಿಕ, ಕೆನಡಾ, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರಿಂದ ಮಾಹಿತಿ ಪಡೆದು 2017ರಲ್ಲಿ ಹೇಳಿದ್ದು, ಹೀಗೆ ಹಣ ಕೊಟ್ಟು ಸಮಯ ಉಳಿಸಿಕೊಳ್ಳುವವರಲ್ಲಿ ಬದುಕಿನ ತೃಪ್ತಿ ಹೆಚ್ಚು ಎಂದು. ಆದರೆ ಉಳಿದ ಹೊತ್ತಿಗೆ ಬೇರೆ ಮನೆಗೆಲಸ ತುಂಬಿಬಿಟ್ಟರೆ ಕೊಟ್ಟ ಹಣ ದಂಡ.

ಮಾರಾಟದ ವಿಷಯದಲ್ಲಿ ನಿಮ್ಮ ಗೆಳತಿಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಸದ್ಯಕ್ಕಂತೂ ಇಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ನರ್ಸರಿ ಶಾಲೆಯ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಅವರೆಲ್ಲ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳು. ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ, ಹೇಳಿದಂತೆ ಕೊಟ್ಟ ಗುಂಪಿನ ಮಕ್ಕಳು, ಒಂದೆರಡು ವಾರದ ನಂತರ ಬಿಡುವಿನಲ್ಲಿ ಪೆನ್ನು ಸಿಕ್ಕಾಗ, ಉಳಿದ ಮಕ್ಕಳಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಸುಮ್ಮನೆ ಇಷ್ಟಕ್ಕೆ ಮಾಡುತ್ತಿದ್ದುದು ಪ್ರಶಸ್ತಿಗೆ ಮಾಡುವುದಾಗಿ, ಪ್ರಶಸ್ತಿ ಇಲ್ಲದಾಗ ಸಪ್ಪೆಯಾಯಿತು. ಚಿತ್ರ ಮಾರಿ ಬದುಕುವ ಕಲಾವಿದರು ಎಷ್ಟೋ ಜನ ಸಂತೋಷವಾಗಿಯೇ ಇದ್ದಾರೆ, ಅದು ಅವರ ವೃತ್ತಿ. ನೀವು ಹದಿನೈದಿಪ್ಪತ್ತು ವರ್ಷದ ನಂತರ ಮರಳಿ ಬರುತ್ತಿದ್ದೀರಿ. ಆರ್ಡರು ಹಿಡಿದರೆ ಇನ್ನೊಬ್ಬರ ಗಡುವು, ಇನ್ನೊಬ್ಬರ ಬಣ್ಣದ ಆಯ್ಕೆ ಬಂದು ಕೂರುತ್ತದೆ, ಆಫೀಸಿನದೇ ಇನ್ನೊಂದು ಪಾಳಿ ಶುರುವಾದಂತೆ. ಮನೆಯವರ ಗೌರವವನ್ನು ಹಣದ ಮೂಲಕ ಸಂಪಾದಿಸುವ ಹೊಣೆಯನ್ನು ಚಿತ್ರದ ಮೇಲೆ ಹಾಕಬೇಡಿ. ಮೊದಲ ಒಂದು ವರ್ಷ ಯಾರಿಗೂ ಮಾರಬೇಡಿ. ಇನ್‌ಸ್ಟಾಗ್ರಾಂಗೆ ಹಾಕುವುದನ್ನೂ ಕೆಲವು ತಿಂಗಳು ತಡೆಯಿರಿ, ಲೈಕುಗಳ ಎಣಿಕೆಯೂ ಒಂದು ಬಗೆಯ ಪ್ರಶಸ್ತಿಯೇ.

ತಡೆಯಲು ಇನ್ನೊಂದು ಕಾರಣವೂ ಇದೆ. ಮೊದಲ ಚಿತ್ರಗಳು ನಿಮಗೆ ಇಷ್ಟವಾಗುವುದಿಲ್ಲ. ಒಳ್ಳೆಯ ಚಿತ್ರ ಯಾವುದೆಂದು ಗುರುತಿಸುವ ನಿಮ್ಮ ಕಣ್ಣು ಈ ವರ್ಷಗಳಲ್ಲಿ ಬೆಳೆದಿದೆ, ಕೈ ಮಾತ್ರ ಬಿಟ್ಟಲ್ಲೇ ನಿಂತಿದೆ. ಆಕಾಶದ ಬಣ್ಣ ಕೆಸರಾಗುತ್ತದೆ, ಒಣಗುವ ಮೊದಲೇ ಎರಡನೇ ಪದರ ಹಚ್ಚಿ ಅಂಚಿನಲ್ಲಿ ಹೂಕೋಸಿನಂಥ ಕಲೆ ಮೂಡುತ್ತದೆ. ಆ ಹೊತ್ತಿನಲ್ಲಿ ‘ನನ್ನಿಂದಾಗದು, ಕಾಲ ಮೀರಿತು’ ಎಂದು ಅನಿಸುವುದು ಸಹಜ. ಅದಕ್ಕೇ ಮೊದಲ ತಿಂಗಳು ದೃಶ್ಯಚಿತ್ರಕ್ಕೆ ಕೈಹಾಕಬೇಡಿ. ಒಂದು ಎಲೆ, ಒಂದು ಲೋಟ, ದೀಪದ ಬೆಳಕಿನಲ್ಲಿ ಅದರ ನೆರಳು. ಒಂದೇ ಬಣ್ಣವನ್ನು ಗಾಢದಿಂದ ತೆಳುವಿಗೆ ತರುವ ಪಟ್ಟಿಗಳನ್ನು ಹಚ್ಚಿ. ನಿಮ್ಮ ಬೆರಳಿಗೆ ನೀರಿನ ಅಳತೆ ಮತ್ತೆ ನೆನಪಾಗುವುದು ಇಂಥ ಸಣ್ಣ ಕೆಲಸದಲ್ಲೇ. ಮುಗಿದ ಕಾಗದದ ಹಿಂದೆ ತಾರೀಖು ಬರೆದು ಒಂದು ಲಕೋಟೆಗೆ ಹಾಕಿ, ಎರಡು ತಿಂಗಳ ಮುಂಚೆ ತೆರೆಯಬೇಡಿ.

ಇಷ್ಟು ಸ್ವಲ್ಪ ಹೊತ್ತು ಸಾಕೇ ಎಂದು ನಿಮಗೆ ಕೊರಗು ಬರಬಹುದು. ಮಾರಿಸಾ ಶರೀಫ್, ಕ್ಯಾಸಿ ಮೊಗಿಲ್ನರ್ ಹೋಮ್ಸ್, ಹ್ಯಾಲ್ ಹರ್ಷ್‌ಫೀಲ್ಡ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವು ಹೆಚ್ಚಾದಂತೆ ಜನರ ನೆಮ್ಮದಿ ಸುಮಾರು ಎರಡು ಗಂಟೆಯವರೆಗೆ ಏರಿತು, ಆಮೇಲೆ ಏರಲಿಲ್ಲ. ಐದು ಗಂಟೆ ದಾಟಿದ ಮೇಲೆ ಇಳಿಯತೊಡಗಿತು. ದಿನವಿಡೀ ಖಾಲಿ ಇದ್ದರೆ ಸಂತೋಷವಾಗಿರುತ್ತಿದ್ದೆ ಎಂದು ಹಲುಬುವುದರಲ್ಲಿ ಅಷ್ಟೇನೂ ಹುರುಳಿಲ್ಲ. ನಿಮ್ಮ ರಾತ್ರಿಯ ಒಂದೂವರೆ ಗಂಟೆಯಲ್ಲಿ ಅರ್ಧ ಗಂಟೆ ಚಿತ್ರಕ್ಕೆ ಹೋದರೆ, ಉಳಿದದ್ದರಲ್ಲಿ ಫೋನು ನೋಡಿದರೂ ಯಾವ ನಷ್ಟವೂ ಇಲ್ಲ.

ಒಂದು ವಿಷಯವನ್ನು ಮಾತ್ರ ಗಮನಿಸಿಕೊಳ್ಳಿ. ಎಲ್ಲ ಏರ್ಪಾಡು ಆಗಿ, ಹೊತ್ತು ಸಿಕ್ಕಿ, ಮೇಜಿನ ಹತ್ತಿರ ಕೂತರೂ ಬಣ್ಣ ಮುಟ್ಟಲು ಮನಸ್ಸೇ ಬಾರದಿದ್ದರೆ, ಮಕ್ಕಳ ಮಾತು, ಹಾಡು, ಗೆಳತಿಯರು, ಮೊದಲು ಹಿತವಾಗಿದ್ದ ಯಾವುದೂ ರುಚಿಸದೆ ಎರಡು ವಾರ ಕಳೆದರೆ, ಅದನ್ನು ಸಮಯದ ಅಭಾವ ಎಂದು ತಳ್ಳಿಹಾಕಬೇಡಿ. ಇಷ್ಟದ ವಿಷಯಗಳಲ್ಲಿ ಆಸಕ್ತಿ ಬತ್ತುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದು, ಅದಕ್ಕೆ ಚಿಕಿತ್ಸೆ ಇದೆ. ಕಾಯಿಲೆಯವರನ್ನು ನೋಡಿಕೊಳ್ಳುವವರು ಇದರತ್ತ ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಅಮ್ಮನ ವೈದ್ಯರ ಹತ್ತಿರ ಹೋದಾಗ ನಿಮ್ಮ ವಿಷಯವನ್ನೂ ಎತ್ತಿ.

ಕ್ಲಾಸಿಗೆ ಸೇರಬಹುದು, ಆದರೆ ಈ ತಿಂಗಳೇ ಬೇಡ. ಮೊದಲು ಮನೆಯ ಮೇಜು ಸಿದ್ಧವಾಗಲಿ, ವಾರದ ಮೂರು ರಾತ್ರಿಗಳ ಒಪ್ಪಂದ ನಾಲ್ಕಾರು ವಾರ ನಡೆಯಲಿ. ಇಲ್ಲದಿದ್ದರೆ ವಾರಕ್ಕೊಮ್ಮೆ ಕ್ಲಾಸಿಗೆ ಓಡುವುದು, ಹೋಗಿಬರುವ ದಾರಿ, ಅಭ್ಯಾಸ ಮಾಡಲಾಗಲಿಲ್ಲವೆಂಬ ಮುಜುಗರ ಎಲ್ಲ ಸೇರಿ ಎರಡನೇ ತಿಂಗಳಿಗೆ ಬಿಟ್ಟುಬಿಡುತ್ತೀರಿ. ಆಮೇಲೆ ಸೇರಿದರೆ ಕ್ಲಾಸು ದೊಡ್ಡ ಬಲ. ತನಗೆ ಕೊಟ್ಟ ಮಾತನ್ನು ಮುರಿಯುವವರೂ ಇನ್ನೊಬ್ಬರು ಕಾಯುತ್ತಿದ್ದಾರೆಂದರೆ ಹೋಗುತ್ತಾರೆ, ನಿಮ್ಮ ಪತ್ರ ನೋಡಿದರೆ ನೀವು ಆ ಜಾತಿಯವರೇ. ಸೇರುವ ದಿನ ಗುರುಗಳಿಗೆ ಮೊದಲೇ ಹೇಳಿಬಿಡಿ: ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ, ತಿಂಗಳಲ್ಲಿ ಒಂದು ತರಗತಿ ತಪ್ಪಬಹುದು, ಪ್ರದರ್ಶನ ಸ್ಪರ್ಧೆಗಳಿಗೆ ನನ್ನನ್ನು ಸೇರಿಸಬೇಡಿ. ಅದಕ್ಕೆ ಒಪ್ಪುವ ಗುರುಗಳು ಸಿಕ್ಕರೆ ಸೇರಿ, ಒಪ್ಪದಿದ್ದರೆ ಇನ್ನೊಬ್ಬರನ್ನು ಹುಡುಕಿ.